ಮೊದಲು ಚೀಲ, ಆಮೇಲೆ ಹಾರ

ಏಲಕ್ಕಿ ಹಾರದ ಘಮ ಬಹಳ ದಿನ ಹೋಗುವುದಿಲ್ಲ. ಹೋದ ವಾರ ಹಾವೇರಿಯ ಒಂದು ಸಭೆಯಲ್ಲಿ ನನ್ನ ಕೊರಳಿಗೂ ಒಂದು ಬಿತ್ತು. ಮನೆಗೆ ತಂದು ಟೀವಿ ಪಕ್ಕದ ಮೇಜಿನ ಮೇಲಿಟ್ಟೆ. ಟೀವಿಯಲ್ಲಿ ದೊಡ್ಡ ದೇಶಗಳ ನಾಯಕರು ಸಾಲಾಗಿ ನಿಂತು, ಬಡ ದೇಶಗಳಿಗೆ ಇಷ್ಟು ಕೊಡುತ್ತೇವೆ, ಅಷ್ಟು ಕೊಡುತ್ತೇವೆ ಎಂದು ಹೇಳಿ ಕೈ ಕುಲುಕುತ್ತಿದ್ದರು. ಈ ಕಡೆ ಆ ಘಮ, ಆ ಕಡೆ ಚಪ್ಪಾಳೆ... ಮೈಕಿನ ಕಾಕಾ ನೆನಪಾಗದೆ ಹೇಗೆ ಇದ್ದಾರು?

ಬ್ಯಾಡಗಿಯ ಬಸ್‌ಸ್ಟ್ಯಾಂಡಿನ ಹತ್ತಿರ ಅವರದೊಂದು ಮೈಕ್ ಸೆಟ್ಟಿನ ಅಂಗಡಿ ಇತ್ತು. ಮದುವೆ, ಸಭೆ, ಅಂಗಡಿ ಪೂಜೆ, ಏನೇ ಇರಲಿ, ಟಂಟಂ ಎನ್ನುವ ಮೂರು ಗಾಲಿಯ ಗಾಡಿಯ ಮೇಲೆ ಎರಡು ಹಾರ್ನ್ ಕಟ್ಟಿಕೊಂಡು ಹಾಜರಾಗುತ್ತಿದ್ದರು. ಸೆಟ್ಟು ಬಾಡಿಗೆಗೆ ಹಿಡಿದರೆ ಅವರ ದನಿಯೂ ಜೊತೆಗೆ ಬರುತ್ತಿತ್ತು. ಮೆಣಸಿನಕಾಯಿ ಸುಗ್ಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತಿದ್ದರೂ ಕಾಕಾ ಮಾತ್ರ ಮೂಗಿಗೆ ಟವೆಲ್ ಸುತ್ತಿಕೊಂಡು ಒಂದು ಹೆಸರೂ ತಪ್ಪದಂತೆ ಕೂಗುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಆ ವರ್ಷಗಳಲ್ಲಿ ನಾನು ಅಗಡಿಯಿಂದ ಬ್ಯಾಡಗಿಗೆ ದಿನಾ ಹೋಗಿಬಂದು ಮಾಡುತ್ತಿದ್ದೆ. ಅಲ್ಲಿಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವುದು, ಅದಕ್ಕೆ ಹೊಂದಿಕೊಂಡ ಉಚಿತ ಹಾಸ್ಟೆಲಿನ ಉಸ್ತುವಾರಿ ನೋಡುವುದು ನನ್ನ ಕೆಲಸ. ಸಂಜೆ ಬಸ್ಸು ಬರುವವರೆಗೆ ಕಾಕಾನ ಅಂಗಡಿಯ ಬೆಂಚಿನ ಮೇಲೆ ಕುಳಿತು ಅವರ ಪೇಪರ್ ಓದುತ್ತಿದ್ದೆ. ಒಂದು ದಿನ ಮೊದಲ ಪುಟದಲ್ಲೇ ಸುದ್ದಿ ಬಂದಿತ್ತು. ಶ್ರೀಮಂತ ದೇಶಗಳು ಸೇರಿ ಆಫ್ರಿಕದ ಬಡ ದೇಶಗಳಿಗೆ ನೆರವು ಹೆಚ್ಚಿಸುವುದಾಗಿ ಮಾತು ಕೊಟ್ಟಿದ್ದವು. ನಾನು ಆಗಿನ್ನೂ ಹೊಸ ಟೀಚರು, ಸಂತೋಷದಿಂದ ಗಟ್ಟಿಯಾಗಿ ಓದಿದೆ.

ಕಾಕಾ ಫೋಟೋವನ್ನೇ ನೋಡಿದರು. "ಕೊಳ್ಳಾಗ ಹಾರ ಇಲ್ಲ ಖರೆ, ಮಾರಿ ನೋಡ್ರಿ ಅಕ್ಕಾರ, ಹಾರ ಹಾಕಿಸಿಕೊಂಡವರಂಗ ಅದಾವು."

"ದೇಶ ದೇಶಾನ ಸಹಿ ಮಾಡ್ಯಾವ್ರಿ ಕಾಕಾ. ನಮ್ಮೂರ ಸಾವಕಾರ್ರ ಮಾತಲ್ಲ ಇದು," ಎಂದೆ. ಹಿಂದೆ ಇಂಥ ನೆರವಿನಿಂದ ಎಷ್ಟೋ ಮಕ್ಕಳಿಗೆ ಲಸಿಕೆ ಮುಟ್ಟಿದ್ದನ್ನೂ ಹೇಳಿದೆ.

"ಮುಟ್ಟಿದ್ದು ಮುಟ್ಟೇತಿ, ಇಲ್ಲ ಅನ್ನಂಗಿಲ್ಲ. ಮುಟ್ಟಲಾರದ್ದನ್ನ ಕೇಳಾವ ಯಾರು?" ಎಂದು ವೈರು ಸುತ್ತತೊಡಗಿದರು.

ಅವರ ಅನುಮಾನಕ್ಕೆ ಕಾರಣವಿತ್ತು. ನಮ್ಮ ಕಡೆ ಸಭೆಗಳಲ್ಲಿ ಯಾರಾದರೂ ಎದ್ದು ನಿಂತು ಇಷ್ಟು ಜೋಳ ಕೊಡುತ್ತೇನೆ ಎಂದರೆ ಸಾಕು, ಕೂಡಲೇ ವೇದಿಕೆಗೆ ಕರೆದು ಶಾಲು ಹೊದಿಸಿ ಏಲಕ್ಕಿ ಹಾರ ಹಾಕಿ ಫೋಟೋ ಹೊಡೆಸುತ್ತಾರೆ. ಜೋಳ ಆಮೇಲಿನ ಮಾತು. ಕಾಕಾಗೆ ಈ ಪದ್ಧತಿ ಸುತರಾಂ ಸೇರುತ್ತಿರಲಿಲ್ಲ. "ಮೊದಲ ಚೀಲ ಬರ್ಲಿ, ಆಮ್ಯಾಲ ಹಾರ," ಎಂದು ಕಂಡ ಕಂಡ ಕಮಿಟಿಯವರಿಗೆಲ್ಲ ಹೇಳುತ್ತಿದ್ದರು. ಕಮಿಟಿಯವರು ನಗುತ್ತಿದ್ದರು. ಕೊಡುವ ಕೈಯನ್ನು ಹಾಗೆಲ್ಲ ಅನುಮಾನಿಸಬಾರದಂತೆ.

ಆ ವರ್ಷ ನಮ್ಮ ಹಾಸ್ಟೆಲಿನ ಸಭೆಯಲ್ಲೂ ಹಾಗೆಯೇ ಆಯಿತು. ಬ್ಯಾಡಗಿ, ರಾಣೆಬೆನ್ನೂರುಗಳ ವ್ಯಾಪಾರಸ್ಥರು ನಾಮುಂದು ತಾಮುಂದು ಎಂದು ಜೋಳ, ಅಕ್ಕಿ, ಬೇಳೆ ಕೊಡುವುದಾಗಿ ಹೇಳಿದರು. ಹಾಸ್ಟೆಲ್ ಕಮಿಟಿಯ ಅಧ್ಯಕ್ಷರ ಒತ್ತಾಯಕ್ಕೆ ಕಾಕಾ ಮುಖ ಗಂಟಿಕ್ಕಿಕೊಂಡೇ ಎಲ್ಲರ ಹೆಸರು ಕೂಗಿದರು. ಆ ಮಾತುಗಳನ್ನು ನಂಬಿ ಕಮಿಟಿ ಹೊಸ ಹುಡುಗಿಯರನ್ನು ಸೇರಿಸಿಕೊಂಡಿತು. ಶ್ರಾವಣ ಬಂತು, ಉಗ್ರಾಣ ಬರಿದಾಯಿತು, ಒಂದು ಚೀಲವೂ ಬರಲಿಲ್ಲ. ಹೊಸ ಹುಡುಗಿಯರನ್ನು ಸದ್ಯಕ್ಕೆ ಮನೆಗೆ ಕಳಿಸಿ ಎಂದು ಕಮಿಟಿ ತೀರ್ಮಾನಿಸಿತು.

ರಾಣೆಬೆನ್ನೂರಿನ ಆಚೆಯ ಹಳ್ಳಿಯ ಹುಡುಗಿಯೊಬ್ಬಳಿದ್ದಳು. ಅವಳ ಊರಲ್ಲಿ ಹೈಸ್ಕೂಲಿಲ್ಲ. ಮನೆಗೆ ಹೋದರೆ ಓದು ಅಲ್ಲಿಗೇ ಮುಗಿಯಿತು. ಸುದ್ದಿ ಕೇಳಿದವಳೇ ಬಟ್ಟೆಯನ್ನೆಲ್ಲ ಟ್ರಂಕಿಗೆ ತುಂಬಿ ಅದರ ಮೇಲೆ ಕುಳಿತಳು. ಅಳಲೂ ಇಲ್ಲ, ನನ್ನ ಮುಖ ನೋಡಲೂ ಇಲ್ಲ. ಈಗ ನೆನೆಸಿಕೊಂಡರೂ ನನಗೆ ಸಿಟ್ಟು ಬರುತ್ತದೆ. ಆ ಸಿಟ್ಟಿನಲ್ಲೇ ಕಾಕಾನ ಅಂಗಡಿಗೆ ಹೋಗಿ ಎಲ್ಲ ಹೇಳಿದೆ.

ಅವರು ಕೈಯಲ್ಲಿದ್ದ ವೈರು ಕೆಳಗಿಟ್ಟು, "ಅವೆಲ್ಲಾ ನನ್ನ ಬಾಯಿಂದ ಹೊಂಟ ಹೆಸರ ಅದಾವು. ಮುಂಜಾನೆ ಬರ್ರಿ, ಹೋಗೂಣು," ಎಂದರು.

ಮರುದಿನ ಟಂಟಂ ನೇರವಾಗಿ ಪೇಟೆಯ ಮೊದಲ ಸಾಹುಕಾರರ ಅಂಗಡಿ ಮುಂದೆ ನಿಂತಿತು. ಕಾಕಾ ಮೈಕು ಹಿಡಿದರು. "ಹೆಣ್ಣಮಕ್ಕಳ ಹಾಸ್ಟೆಲಿಗೆ ಜೋಳ ಕೊಡತೇನಿ ಅಂದ ದೊಡ್ಡ ಮನಸಿನ ಸಾವಕಾರ್ರು ಇವರು. ಜೋಳ ಒಯ್ಯಾಕ ನಾವ ಬಂದೇವಿ. ಚೀಲ ಹೊರಗ ಬರೂತನಕ ಇವರ ಗುಣಗಾನ ಮಾಡತೇವಿ." ಒಂದು ಬೈಗುಳವಿಲ್ಲ, ಬರೀ ಹೊಗಳಿಕೆ. ಜನ ಸೇರಿದರು. ಸಾಹುಕಾರರು ಹಲ್ಲು ಕಿರಿಯುತ್ತ ಬಂದು, "ಬಂದ್ ಮಾಡಪಾ, ಇವತ್ತ ಕಳಸಾಂವ ಇದ್ನಲ್ಲ," ಎಂದರು. ಚೀಲ ಬಂತು. ಅಲ್ಲಿಂದ ಮುಂದಿನ ಅಂಗಡಿ. ನಾವು ಹೋಗುವ ಮೊದಲೇ ಸುದ್ದಿ ಹೋಗಿತ್ತು, ಕೆಲವು ಕಡೆ ಚೀಲ ಬಾಗಿಲಲ್ಲೇ ಕಾಯುತ್ತಿತ್ತು. ಮೋಟೆಬೆನ್ನೂರು ದಾಟಿ ರಾಣೆಬೆನ್ನೂರಿಗೂ ಹೋದೆವು.

ಅಲ್ಲಿ ಎಲ್ಲರಿಗಿಂತ ಹೆಚ್ಚು ಹೇಳಿದ್ದ, ಎಲ್ಲರಿಗಿಂತ ದಪ್ಪ ಹಾರ ಹಾಕಿಸಿಕೊಂಡಿದ್ದ ದೊಡ್ಡವರ ಗೇಟು ಮುಚ್ಚಿತ್ತು. ಊರಲ್ಲಿಲ್ಲ ಎಂದು ಒಳಗಿನಿಂದಲೇ ಉತ್ತರ ಬಂತು. ಬ್ಯಾಟರಿ ಇಳಿಯುವವರೆಗೂ ಕಾಕಾ ಹೊಗಳಿದರು. ಕೊನೆಗೆ ಗೇಟು ಒಂದಿಷ್ಟೇ ತೆರೆದು ಚೀಲಗಳು ಹೊರಬಂದವು. ಹಾಸ್ಟೆಲಿಗೆ ತಂದು ಬಿಚ್ಚಿದರೆ ಮುಗ್ಗಿದ ಹಳೆಯ ಜೋಳ, ತುಂಬ ಹುಳ ಹರಿದಾಡುತ್ತಿದ್ದವು.

ಕಾಕಾ ಒಂದು ಹಿಡಿ ತೆಗೆದು ನೋಡಿದರು. "ತಮ್ಮ ಗೋದಾಮು ಸ್ವಚ್ಛ ಮಾಡಕೊಂಡಾರ. ನಿಮ್ಮ ಆಫ್ರಿಕಾಕ್ಕೂ ಹಿಂಥಾದ್ದ ಹೋಗತಿರಬೇಕ್ರಿ ಅಕ್ಕಾರ." ಆಮೇಲೆ ಕೈ ಜಾಡಿಸಿಕೊಂಡು ಕೇಳಿದರು, "ನಾವೇನೋ ಟಂಟಂ ಹತ್ತಿ ರಾಣೆಬೆನ್ನೂರ ಮಟ ಹೋಗಿ ಬಂದ್ವಿ. ಆ ದೇಶದ ಬಡವ್ರು ಯಾರ ಬಾಗಿಲಿಗೆ ಹೋಗಿ ಕೂಗಬೇಕು?"

ನಾನು ಆ ಚೀಲಗಳ ಬಾಯಿ ಕಟ್ಟಿ ಹೊರಗೆಳೆದೆ.

ಉಳಿದವರ ಜೋಳದಲ್ಲಿ ಆ ವರ್ಷ ದಾಟಿತು. ಹುಡುಗಿ ಟ್ರಂಕು ಬಿಚ್ಚಿದಳು, ಹತ್ತನೆಯದನ್ನು ನಮ್ಮಲ್ಲೇ ಮುಗಿಸಿದಳು. ಆದರೆ ಮುಂದಿನ ಸುಗ್ಗಿಯಲ್ಲಿ ಪೇಟೆಯ ಅಂಗಡಿ ಪೂಜೆಗಳಿಗೆಲ್ಲ ಬೇರೆ ಊರಿನ ಮೈಕು ಬಂತು. ಕಾಕಾನ ಹಾರ್ನುಗಳು ಅಂಗಡಿಯಲ್ಲೇ ಧೂಳು ತಿಂದವು. ಕೇಳಿದರೆ, "ಗಂಟಲಿಗೆ ಸೂಟಿ ಸಿಕ್ಕೈತ್ರಿ," ಎನ್ನುತ್ತಿದ್ದರು. ಕೆಲವು ವರ್ಷದ ಮೇಲೆ ಅವರು ತೀರಿಕೊಂಡರು... ಹಾಸ್ಟೆಲಿನ ಅಂಗಳದಲ್ಲಿ ಶ್ರದ್ಧಾಂಜಲಿ ಸಭೆ ನಡೆಯಿತು. ಅವರ ಫೋಟೋಕ್ಕೆ ಏಲಕ್ಕಿ ಹಾರ ಹಾಕಿದರು. ಬದುಕಿದ್ದಾಗ ಆ ಕೊರಳಿಗೆ ಒಂದೂ ಬಿದ್ದಿರಲಿಲ್ಲ. ಅವರ ಹೆಸರಲ್ಲಿ ಕಾಳಿನ ಕೋಣೆಯೊಂದನ್ನು ಕಟ್ಟಿಸುತ್ತೇವೆ ಎಂದು ಅಧ್ಯಕ್ಷರು ಬಾಡಿಗೆ ಮೈಕಿನಲ್ಲಿ ಸಾರಿದರು. ಜೋರು ಚಪ್ಪಾಳೆ ಬಿತ್ತು. ಆಗ ಹಾಕಿದ ಅಡಿಗಲ್ಲು ಮಾತ್ರ ಇನ್ನೂ ಇದೆ, ಹುಡುಗಿಯರು ಅದರ ಮೇಲೆ ಬಟ್ಟೆ ಒಗೆಯುತ್ತಾರೆ.

ಹೋದ ವಾರದ ಹಾರ ನನಗೆ ಯಾಕೆ ಬಿತ್ತು ಎಂದು ನಾನು ಹೇಳಲೇ ಇಲ್ಲ. ಅದೇ ಹಾಸ್ಟೆಲಿಗೆ ತಿಂಗಳಿಗೊಂದು ಚೀಲ ಅಕ್ಕಿ ಕೊಡುತ್ತೇನೆ ಎಂದು ಸಭೆಯಲ್ಲಿ ಎದ್ದು ಹೇಳಿದೆ. ಮಾತು ಮುಗಿಯುವ ಮೊದಲೇ ಹಾರ ಹಾಕಿದರು, ನಾನೂ ಕೊರಳು ಬಾಗಿಸಿದೆ. ಚೀಲ ಇನ್ನೂ ಹೋಗಿಲ್ಲ. ಯಾರೂ ಕೇಳಿಲ್ಲ, ಕೇಳುವುದೂ ಇಲ್ಲ. ನಾಳೆ ಒಯ್ಯುತ್ತೇನೆ ಎಂದು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಅದೂ ಇನ್ನೊಂದು ಮಾತು ಕೊಟ್ಟ ಹಾಗೆಯೇ. ಓಣಿಯಲ್ಲಿ ಟಂಟಂ ಸದ್ದಾದರೆ ಎದ್ದು ಕಿಟಕಿಗೆ ಹೋಗುತ್ತೇನೆ. ತರಕಾರಿಯವನ ಗಾಡಿ ಇರುತ್ತದೆ... ಕಾಕಾ ಇದ್ದಿದ್ದರೆ ಇಷ್ಟೊತ್ತಿಗೆ ನನ್ನ ಗುಣಗಾನ ಓಣಿಗೆಲ್ಲ ಕೇಳುತ್ತಿತ್ತು.