ಗಿಂಕಾ ಕೊಯ್ಲಿಗೆ ಕಾಯುವ ಗೇಟು

ಸೂರ್ಯ ಇನ್ನೂ ಬೆಟ್ಟದ ಹಿಂದೆಯೇ ಇದ್ದಾನೆ. ತೋಟಕ್ಕಿಳಿದ ಗಿಂಕಾ ಮೊದಲು ಪಕ್ಕದ ಮನೆಯ ಗೇಟಿನ ಕಡೆ ನೋಡುತ್ತಾರೆ. ಮುಚ್ಚಿದೆ. "ಇವತ್ತೂ ಇಲ್ಲ" ಎಂದು ಗೊಣಗಿ, ಮೊಣಕಾಲೂರಿ ಕಳೆ ಕೀಳಲು ಶುರುಮಾಡುತ್ತಾರೆ.

ಅರವತ್ತೇಳರ ಈ ಹೆಂಗಸಿನ ಹಿತ್ತಲಲ್ಲಿ ಹನ್ನೊಂದು ಪಾತಿ ಚೂಬ್ರಿತ್ಸಾ ಎಂಬ ಘಮದ ಸೊಪ್ಪು ಇದೆ. ಒಣಗಿಸಿ ಪುಡಿಮಾಡಿ ಉಪ್ಪಿಗೆ ಬೆರೆಸಿದರೆ ಊರಿನ ಇಪ್ಪತ್ತಮೂರು ಮನೆಗಳಿಗೆ ವರ್ಷವಿಡೀ ಬ್ರೆಡ್ಡಿನ ಜೊತೆ ನಂಚಿಕೊಳ್ಳಲು ಸಾಕು. ಬೀಜ ಧೂಳಿನಷ್ಟು ಸಣ್ಣದು. ಅದನ್ನು ನೆಲದ ಮೇಲೆ ಉದುರಿಸಿ ಹಲಗೆಯಿಂದ ಒತ್ತುತ್ತಾರೆ, ಮಣ್ಣು ಮುಚ್ಚುವುದಿಲ್ಲ. "ಮುಚ್ಚಿದ್ರೆ ಹುಟ್ಟಲ್ಲ. ಬೆಳಕು ಬೇಕು ಅದಕ್ಕೆ. ನೀರು ಕಮ್ಮಿಯಾದ್ರೆ ಮಾತ್ರ ಏನೂ ಅನ್ನಲ್ಲ, ನನ್ನ ಹಾಗೇ" ಎಂದು ನಗುತ್ತಾರೆ.

ಬೆಳೆಯುವುದು ಸುಲಭ, ಕೊಯ್ಯುವ ದಿನ ಹಿಡಿಯುವುದೇ ಕಷ್ಟ. ಘಮ ತುಂಬಿ ಬರುವುದು ಮೊಗ್ಗು ಬಿರಿಯುವ ಹೊತ್ತಿಗೆ. ಆ ದಿನ ಕೈತಪ್ಪಿದರೆ ಉಳಿಯುವುದು ಕಡ್ಡಿ. ಮೂಗೇ ಅದನ್ನು ಹೇಳಬೇಕು, ಆದರೆ ಆರು ವರ್ಷದ ಹಿಂದಿನ ಚಳಿಗಾಲದ ಜ್ವರ ಗಿಂಕಾರ ಮೂಗಿನಿಂದ ವಾಸನೆಯನ್ನು ಕಿತ್ತುಕೊಂಡು ಹೋಗಿದೆ. ಅಲ್ಲಿಂದಾಚೆ ಎರಡು ಬೇಸಿಗೆ ಪಕ್ಕದ ಮನೆಯ ವೆಲಿಕಾ ಬೇಲಿಗೆ ಒರಗಿ ಗಾಳಿ ಮೂಸಿ, "ಕೊಯ್ಯೇ ಹುಡುಗಿ, ನಾಳೆಗೆ ಕಡ್ಡಿಯಾಗುತ್ತೆ!" ಎಂದು ಕೂಗುತ್ತಿದ್ದರು. ಆಮೇಲೆ ವೆಲಿಕಾ ತೀರಿಕೊಂಡರು. ಅವರ ಫೋಟೊ ಇರುವ ಸಾವಿನ ಕಾಗದ ಇಲ್ಲಿನ ರೂಢಿಯಂತೆ ಗೇಟಿನ ಮೇಲೆ ಅಂಟಿತು. ಖಾಲಿ ಮನೆಯ ಗೇಟನ್ನು ಗಿಂಕಾರೇ ತಂತಿ ಸುತ್ತಿ ಭದ್ರ ಮಾಡಿದರು.

ಮುಂದಿನ ಬೇಸಿಗೆ, ಒಂದು ಬೆಳಗ್ಗೆ, ತಂತಿ ಬಿಚ್ಚಿ ಬಿದ್ದಿತ್ತು. ಗೇಟು ಹಾರುಹೊಡೆದಿತ್ತು. ಗಿಂಕಾ ಅದನ್ನೇ ಕರೆಯೆಂದು ತಿಳಿದು ಕುಡುಗೋಲು ತಂದು ಕೊಯ್ದರು. ಅಂಥ ಘಮ ಹಿಂದೆಂದೂ ಬಂದಿರಲಿಲ್ಲವೆಂದು ಊರೆಲ್ಲ ಹೇಳಿತು. ನಂತರ ಇನ್ನೂ ಮೂರು ಬೇಸಿಗೆ ಹಾಗೇ ಆಯಿತು. "ಗಾಳಿ ಅಂತಾರೆ. ಗಾಳಿಗೆ ತಂತಿ ಬಿಚ್ಚೋಕೆ ಬೆರಳು ಎಲ್ಲಿಂದ ಬರುತ್ತೆ?" ಎನ್ನುತ್ತಾರೆ ಗಿಂಕಾ. ಭಯವಾಗುವುದಿಲ್ಲವೇ ಎಂದು ನಾನು ಕೇಳಿದರೆ, "ಆಗುತ್ತೆ. ಆದ್ರೂ ನೋಡ್ತೀನಿ."

ಈ ವಸಂತದಲ್ಲಿ ಆ ಮನೆಯನ್ನು ಪಟ್ಟಣದ ಕಲಿನಾ ಕೊಂಡಿದ್ದಾಳೆ. ಕಳ್ಳರ ಹೆದರಿಕೆಯವಳು. ತಂತಿ ಎಸೆದು ಗೇಟಿಗೆ ಗಟ್ಟಿ ಬೀಗ ಜಡಿದಿದ್ದಾಳೆ. ಎಂಟು ದಿನದ ಮಟ್ಟಿಗೆ ಬೀಗ ತೆಗೆದಿಡೆಂದು ಗಿಂಕಾ ಕೇಳಿಕೊಂಡಾಗ, "ಸತ್ತವರು ಬರ್ತಾರೆ ಅಂತ ನಾನು ಬಾಗಿಲು ತೆರೆದಿಟ್ಕೊಂಡು ಮಲಗ್ಲಾ ಚಿಕ್ಕಮ್ಮ?" ಎಂದು ನಕ್ಕುಬಿಟ್ಟಳಂತೆ. ಆ ಮಾತಿಗೆ ಇವತ್ತು ಒಂಬತ್ತನೆಯ ದಿನ. ಮೊಗ್ಗುಗಳ ತುದಿ ಬಿಳಿಯಾಗುತ್ತಿದೆ. ಇಪ್ಪತ್ತಮೂರು ಮನೆಯ ಖಾಲಿ ಡಬ್ಬಿಗಳು ಜಗುಲಿಯ ಮೇಲೆ ಸಾಲಾಗಿ ಕೂತಿವೆ. ಗಿಂಕಾ ಎಲೆ ಹೊಸಕಿ ಮೂಗಿಗೆ ಹಿಡಿಯುತ್ತಾರೆ, ಏನೂ ತಿಳಿಯದೆ ಕೈ ಕೆಳಗಿಳಿಸುತ್ತಾರೆ.

ಅಷ್ಟರಲ್ಲಿ ಆಚೆ ಮನೆಯ ಬಾಗಿಲು ದಡಾರನೆ ತೆರೆಯುತ್ತದೆ. ಮಲಗುವ ಅಂಗಿಯಲ್ಲೇ ಕಲಿನಾ ಬೇಲಿಯವರೆಗೆ ಓಡಿಬರುತ್ತಾಳೆ. ಮುಖ ಬಿಳಿಚಿಕೊಂಡಿದೆ.

"ಚಿಕ್ಕಮ್ಮ, ಇದೇನು ತಮಾಷೆ? ನನ್ನ ಕಿಟಕಿ ಬಡಿದು ಕೂಗಿದ್ದು ನೀವೇ ತಾನೆ?"

"ನಾನು ಇಲ್ಲಿಂದ ಎದ್ದೇ ಇಲ್ಲ ಮಗಾ. ಏನಂತ ಕೂಗಿದ್ದು?"

"ಕೊಯ್ಯೇ ಹುಡುಗಿ ಅಂತ. ನಾಳೆಗೆ ಕಡ್ಡಿಯಾಗುತ್ತಂತೆ. ಏನು ಕೊಯ್ಯೋದು? ಯಾವ ಕಡ್ಡಿ?"

ಗಿಂಕಾ ಕುಡುಗೋಲು ಕೈಗೆತ್ತಿಕೊಳ್ಳುತ್ತಾರೆ. ಇಬ್ಬನಿ ಆರುವಷ್ಟರಲ್ಲಿ ನಾಲ್ಕು ಪಾತಿ ಮುಗಿಯುತ್ತದೆ. ಬೇಲಿ ದಾಟಿ ಬಂದ ಕಲಿನಾ ಕಟ್ಟು ಕಟ್ಟಲು ಕೂತಿದ್ದಾಳೆ, ಒಬ್ಬಳೇ ಆ ಮನೆಯೊಳಕ್ಕೆ ಹೋಗಲಾರಳು.

"ಮೂಸಿ ಹೇಳು, ಹೇಗಿದೆ?" ಗಿಂಕಾರ ದನಿಯಲ್ಲಿ ಅಳುಕಿದೆ.

ಕಲಿನಾ ಕಟ್ಟಿನಲ್ಲಿ ಮುಖ ಹುದುಗಿಸುತ್ತಾಳೆ. "ತಲೆ ತಿರುಗೋ ಹಾಗಿದೆ, ಚಿಕ್ಕಮ್ಮ."

ಗಿಂಕಾ ಮೊದಲ ಬಾರಿಗೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಾರೆ. ನಿಮಗೇನಾದರೂ ಆಸೆಯಿದೆಯೇ ಎಂದು ನಾನು ಕೇಳಿದರೆ ಕಲಿನಾಳ ಕಡೆ ತಿರುಗಿ ಹೇಳುತ್ತಾರೆ: "ಮುಂದಿನ ವರ್ಷದಿಂದ ಬಿತ್ತೋದು ಕಲಿ. ನನ್ನ ಸರದಿ ಬಂದ ಮೇಲೆ ಕೊಯ್ಯೋ ದಿನ ನಾನು ಹೇಳ್ತೀನಿ. ಕಿಟಕಿ ಬಡಿದು ಹೆದರಿಸಲ್ಲ, ನಿನ್ನಾಣೆ. ಬೀಗ ಒಂದು ಹಾಕ್ಬೇಡ."