ಬಿಸಿ ಅರಬಿ

ಸತ್ಯವ್ವನ ಮೊಣಕಾಲು ಕೆಟ್ಟದ್ದು ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ. ಗಂಡ ಹಣಮಂತರಾಯ ತೀರಿಕೊಂಡ ಮೇಲೆ ಅವಳು ಇಟ್ಟಂಗಿಹಾಳದ ಹೆಂಗಸರ ಜೊತೆ ಟಂಟಂ ಹತ್ತಿ ಅಲ್ಲಿಗೆ ಕೂಲಿಗೆ ಹೋಗುತ್ತಿದ್ದಳು. ಹೊತ್ತು ಮುಳುಗುವ ತನಕ ಕುಕ್ಕರಗಾಲಲ್ಲಿ ಕೂತು ದ್ರಾಕ್ಷಿ ಆರಿಸಬೇಕು. ಕಡ್ಡಿ ಬೇರೆ, ಕರ್ರಗಾದದ್ದು ಬೇರೆ, ಹಸಿರು ಮಾಲು ಬೇರೆ. ಎಷ್ಟೋ ವರ್ಷ ಹಾಗೆ ಕೂತು ಒಬ್ಬನೇ ಮಗ ಸಮ್ಯಕ್‌ನನ್ನು ಓದಿಸಿದಳು. ಅವನು ಬಬಲೇಶ್ವರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮಾಸ್ತರನಾದ. ಆ ವರ್ಷವೇ "ಇನ್ನ ಸಾಕ್ ಬಿಡಬೇ ಯವ್ವಾ" ಎಂದು ಅವಳನ್ನು ವಿಜಯಪುರಕ್ಕೆ ಕರೆದುಕೊಂಡು ಬಂದ. ಅಷ್ಟೊತ್ತಿಗೆ ಮೊಣಕಾಲು ಎರಡೂ ಹೋಗಿಬಿಟ್ಟಿದ್ದವು. ಕೂತರೆ ಏಳಲಾಗದು, ಎದ್ದರೆ ಕೂರಲಾಗದು.

ಮನೆ ಇಬ್ರಾಹಿಂಪುರದಲ್ಲಿ, ರೈಲಿನ ಹಳಿಗೆ ಹತ್ತಿರ, ಮಾಳಿಗೆಯ ಮೇಲೆ. ಕೆಳಗೆ ಯುನುಸನ ಮೋಟಾರು ರಿಪೇರಿ ಅಂಗಡಿ. ಮೇಲೆ ಎರಡು ಖೋಲಿ, ಒಂದು ಪಡಸಾಲೆ, ಗೋಡೆಯ ಮೇಲೆ ಬುದ್ಧನ ಫೋಟೊ.

ಸೊಸೆ ಸಪ್ನಾ ನರ್ಸು. ಊರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಮಕ್ಕಳ ವಾರ್ಡು ನೋಡಿಕೊಳ್ಳುತ್ತಿದ್ದಳು. ಅವಳ ಕೈಗುಣವೇ ಬೇರೆ. ಹುಟ್ಟಿ ವಾರವೂ ಆಗದ ಕೂಸಿನ ಕೈಯಲ್ಲಿ ದಾರದೆಳೆಯಂಥ ನರ ಹುಡುಕಿ ಸೂಜಿ ಏರಿಸಬೇಕೆಂದರೆ ದೊಡ್ಡ ಡಾಕ್ಟರೂ ಸಪ್ನಾಳನ್ನೇ ಕರೆಸುತ್ತಿದ್ದರು. ಒಮ್ಮೆ ಸತ್ಯವ್ವನಿಗೇ ಜ್ವರ ಬಂದು ಸಲಾಯಿನ್ ಏರಿಸಬೇಕಾಯಿತು. ಸಪ್ನಾ ಏನೋ ಮಾತಾಡುತ್ತ ಕೈ ಹಿಡಿದಳು. ಸತ್ಯವ್ವ ಸೂಜಿ ಯಾವಾಗ ಚುಚ್ಚುತ್ತಾಳೋ ಎಂದು ಹಲ್ಲು ಕಚ್ಚಿ ಕಾಯುತ್ತಿದ್ದರೆ ಬಾಟ್ಲಿಯಲ್ಲಿ ಹನಿ ಬೀಳತೊಡಗಿತ್ತು. ಇದನ್ನು ಅವಳು ಓಣಿಯಲ್ಲಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು. "ನಮ್ಮ ಸಪ್ನಾನ ಕೈ ಹತ್ತಿದ್ದ ಗೊತ್ತಾಗೂದಿಲ್ಲ ನೋಡ್ರಿ" ಎನ್ನುವಾಗ ಅವಳ ದನಿಯಲ್ಲಿ ತಾನೇ ಹೆತ್ತ ಮಗಳೇನೋ ಎಂಬ ಹೆಮ್ಮೆ ಇರುತ್ತಿತ್ತು.

ಒಗೆದ ಅರಬಿ ಒಣಗಿಸುವ ಮಷಿನ್ ಮನೆಗೆ ಬಂದದ್ದು ಸಪ್ನಾಳ ಬಿಳಿ ಯೂನಿಫಾರ್ಮಿನ ಸಲುವಾಗಿ. ಮಾಳಿಗೆಯ ಮೇಲೆ ಹಗ್ಗಕ್ಕೆ ಹಾಕಿದರೆ ಹಳಿ ಕಡೆಯ ಧೂಳು ಹತ್ತಿ ಒಗೆದದ್ದೆಲ್ಲ ದಂಡ. ಮಳೆಗಾಲದಲ್ಲಂತೂ ಹಸಿ ಅರಬಿಯನ್ನೇ ತೊಟ್ಟು ಡ್ಯೂಟಿಗೆ ಹೋಗುವ ಪಾಳಿ. ಹುಬ್ಬಳ್ಳಿಗೆ ಹೋಗಿ ನೆಲೆಸಲಿದ್ದ ಡಾಕ್ಟರರೊಬ್ಬರು ತಾವು ಬಳಸುತ್ತಿದ್ದ ಮಷಿನ್ನನ್ನು ಅವಳಿಗೆ ಕೊಟ್ಟು ಹೋದರು. ಕೊಡುವಾಗ ಅವರ ಹೆಂಡತಿ ಎರಡು ಮಾತು ಹೇಳಿದ್ದರು. ಬಾಗಿಲ ಬಾಯಲ್ಲೊಂದು ಜಾಳಿಗೆ ಇದೆ, ಅರಬಿಯಿಂದ ಉದುರುವ ಹಂಜಿಯಂಥ ಧೂಳು ಅದಕ್ಕೆ ಕಟ್ಟುತ್ತದೆ, ಪ್ರತಿ ಸಲವೂ ತೆಗೆದು ಬಿಸಾಕಬೇಕು. ಹಿಂದಿನ ಪೈಪಿನ ಬಾಯಿ ಮನೆಯ ಹೊರಗೇ ಇರಬೇಕು.

ಪೈಪು ಹೊರಗೆ ಬಿಡಲು ಗೋಡೆ ಒಡೆಯಬೇಕಿತ್ತು. ಮನೆ ಮಾಲೀಕ ಬೇಡವೆಂದ. ಸಮ್ಯಕ್ ಪೈಪನ್ನು ಮಡಚಿ, ಮಷಿನ್ನಿಗೂ ಕಪಾಟಿಗೂ ನಡುವಿನ ಸಂದಿಯಲ್ಲಿ ಒತ್ತರಿಸಿಟ್ಟು, "ಸದ್ಯಕ್ಕ ಇರಲಿ, ಆಮ್ಯಾಲ ನೋಡೂಣು" ಎಂದ. ಮೊದಮೊದಲು ಸಪ್ನಾ ಜಾಳಿಗೆಯನ್ನು ತಪ್ಪದೆ ತೆಗೆಯುತ್ತಿದ್ದಳು. ಬರಬರುತ್ತ ವಾರಕ್ಕೊಮ್ಮೆ ಆಯಿತು. ಆಸ್ಪತ್ರೆಯಲ್ಲಿ ಇಬ್ಬರು ಹುಡುಗಿಯರು ಕೆಲಸ ಬಿಟ್ಟು ಡಬಲ್ ಡ್ಯೂಟಿ ಶುರುವಾದ ಮೇಲೆ ಅದರ ನೆನಪೇ ಹೋಯಿತು.

ಇಂಥ ಮಷಿನ್ ಕಂಡರೆ ವಯಸ್ಸಾದವರು ಮೂಗು ಮುರಿಯುತ್ತಾರೆ. ಸತ್ಯವ್ವ ಹಾಗಲ್ಲ. ಸಪ್ನಾ ಮೊದಲ ಸಲ ಅದರೊಳಗಿಂದ ಟವೆಲ್ ತೆಗೆದು ಅತ್ತೆಯ ಮೊಣಕಾಲ ಮೇಲೆ ಹಾಕಿದಾಗ ಅವಳ ಕಣ್ಣು ತಾವಾಗಿಯೇ ಮುಚ್ಚಿದವು. "ಯವ್ವಾ, ಬ್ಯಾಸಗಿ ಬಿಸಲ ಬಂದ ಕುಂತಂಗಾತು ನೋಡಬೇ" ಎಂದಳು. ಅಂದಿನಿಂದ ಆ ಶಾಖ ಅವಳ ಗೀಳಾಯಿತು. ಚಳಿಗಾಲದಲ್ಲಿ ಕುಸುಬಿ ಎಣ್ಣೆಗೆ ಬಳ್ಳೊಳ್ಳಿ ಹಾಕಿ ಕಾಸಿ ಮೊಣಕಾಲಿಗೆ ತಿಕ್ಕಿಕೊಳ್ಳುವಳು. ಮೇಲೆ ಹಳೇ ಧೋತರದ ತುಂಡು ಸುತ್ತುವಳು. ಎಣ್ಣೆ ಹೀರಿದ ಆ ತುಂಡುಗಳನ್ನು ಸಬಕಾರದ ಪುಡಿ ಕಲಸಿದ ತಣ್ಣೀರಲ್ಲಿ ಅದ್ದಿ ಹಿಂಡಿ ಮಷಿನ್ನಿಗೆ ತುರುಕುವಳು. ಬಟನ್ ಒತ್ತುವುದನ್ನು ನೋಡಿ ನೋಡಿ ಕಲಿತಿದ್ದಳು. ಹಂಚಿನ ಮೇಲೆ ಅರಬಿ ಕಾಸಬೇಕೆಂದರೆ ಒಲೆಯ ಮುಂದೆ ನಿಲ್ಲಬೇಕಲ್ಲ! ಮಷಿನ್ನಿನ ಮುಂದೆ ಕುರ್ಚಿ ಹಾಕಿಕೊಂಡು ಕೂತರೆ ಆಯಿತು. ತಣ್ಣೀರಿಗೆ ಎಣ್ಣೆ ಬಿಡುವುದಿಲ್ಲ, ಎಣ್ಣೆಯ ಅರಬಿಯನ್ನು ಬಿಸಿ ಮಾಡಿ ಗುಡ್ಡೆಯಾಗಿ ಬಿಟ್ಟರೆ ಅದು ಒಳಗೊಳಗೇ ಕಾಯುತ್ತ ಹೋಗುತ್ತದೆ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ.

ಆ ದಿನ ಸಪ್ನಾ ರಾತ್ರಿ ಪಾಳಿ ಮುಗಿಸಿ ಬಂದು, ಉಂಡು, ಒಳಗಿನ ಖೋಲಿಯಲ್ಲಿ ಮಲಗಿದ್ದಳು. ಸಮ್ಯಕ್ ಬಬಲೇಶ್ವರಕ್ಕೆ ಹೋಗಿದ್ದ. ಮಧ್ಯಾಹ್ನ ಸತ್ಯವ್ವ ತನ್ನ ತುಂಡುಗಳನ್ನು ಹಿಂಡಿ ಮಷಿನ್ನಿಗೆ ಹಾಕಿದಳು. ಅದು ತಿರುಗಿ ತಿರುಗಿ ನಿಂತಿತು. ಒಂದು ತುಂಡನ್ನಷ್ಟೇ ಹೊರಗೆಳೆದು ಮೊಣಕಾಲಿಗೆ ಹೊದ್ದು, ಉಳಿದವು ಬಿಸಿಯಾಗಿರಲೆಂದು ಬಾಗಿಲು ಮುಚ್ಚಿ, ಅವಳು ಕುರ್ಚಿಯಲ್ಲೇ ತೂಕಡಿಸಿದಳು.

ಎಚ್ಚರವಾದದ್ದು ವಾಸನೆಗೆ. ಎಣ್ಣೆ ಸೀದ ವಾಸನೆ. ಒಲೆಯ ಮೇಲೆ ಏನೋ ಇಟ್ಟು ಮರೆತೆನೇನೋ ಎಂದುಕೊಂಡು ಗೋಡೆ ಹಿಡಿದು ಅಡಿಗೆ ಮನೆಗೆ ಹೋಗಿ ಬಂದಳು. ಒಲೆ ಆರಿತ್ತು. ತಿರುಗಿ ನೋಡಿದರೆ ಮಷಿನ್ನಿನ ದುಂಡು ಗಾಜಿನ ಹಿಂದೆ ಹೊಗೆ ಹೆಪ್ಪುಗಟ್ಟಿದ ಹಾಲಿನ ಹಾಗೆ ತುಂಬಿ ನಿಂತಿತ್ತು. ಅವಳಿಗೆ ಮೊದಲು ಹೊಳೆದದ್ದು ಒಳಗಿನ ಅರಬಿ ಸುಡುತ್ತವೆ, ತೆಗೆದುಬಿಡಬೇಕು ಎಂದಷ್ಟೇ. ಬಾಗಿಲು ಜಗ್ಗಿದಳು.

ಗಾಳಿ ಒಳಗೆ ಹೋದದ್ದೇ ತಡ, ಮುಸುಕಿನೊಳಗೆ ಇದ್ದ ಬೆಂಕಿ ಭಗ್ಗೆಂದು ಹೊರಗೆ ಬಂತು. ಸತ್ಯವ್ವ ಚೀರಿದಳು. ಸಪ್ನಾ ಎದ್ದು ಓಡಿ ಬಂದಾಗ ಅತ್ತೆ ಉರಿಯ ಮುಂದೆ ಕಂಬದ ಹಾಗೆ ನಿಂತಿದ್ದಳು. ಹಿಂದೆ ಸರಿಯಲು ಕಾಲು ಬರುತ್ತಿರಲಿಲ್ಲ.

"ಈ ಕಡೆ ಸರೀರಿ ಅತ್ತಿ!"

ಸಪ್ನಾ ಅವಳನ್ನು ಎಡಗೈಯಿಂದ ಹಿಂದಕ್ಕೆ ನೂಕಿದಳು. ಉರಿಯುತ್ತಿದ್ದ ಒಂದು ತುಂಡು ಜಾರಿ ಬಾಗಿಲ ಬಾಯಲ್ಲಿ ಸಿಕ್ಕಿತ್ತು. ಅದು ಒಳಗೆ ಹೋಗದೆ ಬಾಗಿಲು ಮುಚ್ಚುವುದಿಲ್ಲ. ಬಾಗಿಲು ಮುಚ್ಚದಿದ್ದರೆ ಉರಿ ಕಪಾಟಿಗೆ ಹತ್ತುತ್ತದೆ. ಅವಳು ಬಲಗೈಯಿಂದಲೇ ಅದನ್ನು ಒಳಗೆ ದಬ್ಬಿದಳು. ಅದೇ ಕೈಯಿಂದ ಬಾಗಿಲನ್ನು ಒತ್ತಿ ಮುಚ್ಚಿದಳು. ಮಲಗುವಾಗ ತೆಗೆಯದೆ ಹೆಗಲ ಮೇಲೇ ಉಳಿದಿದ್ದ ನೈಲಾನ್ ಓಢಣಿಯ ಅಂಚು ಹೊತ್ತಿಕೊಂಡು ಕರಗಿ ಮುಂಗೈಗೆ ಅಂಟಿತು.

ಸತ್ಯವ್ವ ಅಷ್ಟರಲ್ಲಿ ನೀರಿನ ಕೊಡಕ್ಕೆ ಕೈ ಹಾಕಿದ್ದಳು.

"ನೀರ ಹಾಕಬ್ಯಾಡ್ರಿ, ಕರೆಂಟ್ ಐತಿ! ಯುನುಸಣ್ಣಾ! ಯುನುಸಣ್ಣಾ, ಮೇನ್ ತಗೀರಿ!"

ಕೂಗು ಕೆಳಗೆ ಮುಟ್ಟಿತು. ಯುನುಸ ಮೆಟ್ಟಿಲ ಕೆಳಗಿನ ಮೇನ್ ಎಳೆದು, ಅಂಗಡಿಯ ಗೋಡೆಗಿದ್ದ ಕೆಂಪು ಸಿಲಿಂಡರ್ ಕಿತ್ತುಕೊಂಡು ಮೇಲೆ ಓಡಿ ಬಂದ. ಮೊದಲು ಸಪ್ನಾಳ ಕೈಯನ್ನು ಸತ್ಯವ್ವನ ಕೊಡದಲ್ಲಿ ಅದ್ದಿಸಿ, ಇಬ್ಬರನ್ನೂ ಮೆಟ್ಟಿಲಿಗೆ ಅಟ್ಟಿದ. ಬಾಗಿಲು ತೆಗೆಯದೆ, ಹೊಗೆ ಬರುತ್ತಿದ್ದ ಸಂದಿಗಳಿಗೆಲ್ಲ ಬಿಳಿ ಪುಡಿ ಹೊಡೆದ. ಅಷ್ಟರಲ್ಲಿ ಯಾರೋ ಅಗ್ನಿಶಾಮಕದವರಿಗೆ ಫೋನ್ ಮಾಡಿದ್ದರು. ಅವರು ಬಂದು ಮಷಿನ್ ಮುಂದಕ್ಕೆಳೆದರೆ, ಮಡಚಿಟ್ಟ ಪೈಪಿನೊಳಗೆ ಹಂಜಿಧೂಳು ತುಂಬಿ, ಆ ತುದಿಯ ತನಕ ಕೆಂಪಗೆ ಕೆಂಡವಾಗಿತ್ತು. ಕಪಾಟಿನ ಹಿಂಬದಿ ಕರಕಲಾಗಿತ್ತು. ಪೈಪನ್ನು ಕಿತ್ತು ಹೊರಗೊಯ್ದು ನೀರಲ್ಲಿ ಅದ್ದಿದರು. ಅವರಲ್ಲಿ ಹಿರಿಯನೊಬ್ಬ, "ಬಾಗಲಾ ಮುಚ್ಚಿದ್ದಕ್ಕ ಮನಿ ಉಳಿದೈತ್ರಿ. ತಗದಾಂವ ಯಾಂವ?" ಎಂದ.

ಸಪ್ನಾಳನ್ನು ಅವಳದೇ ಆಸ್ಪತ್ರೆಗೆ ಒಯ್ದರು. ಹೊಸದಾಗಿ ಸೇರಿದ ನರ್ಸು ಹುಡುಗಿಯೊಬ್ಬಳು ಅವಳ ಎಡಗೈಯಲ್ಲಿ ನರ ಸಿಗದೆ ಮೂರ್ನಾಲ್ಕು ಕಡೆ ಚುಚ್ಚಿ ಅಳತೊಡಗಿದಳು. "ಇರ್ಲಿ ಬಿಡು, ಅವಸರ ಮಾಡಬ್ಯಾಡ" ಎಂದು ಸಪ್ನಾಳೇ ಅವಳಿಗೆ ಸಮಾಧಾನ ಹೇಳಿದಳು. ತೊಡೆಯ ಚರ್ಮ ತೆಗೆದು ಕೈಗೆ ಹಚ್ಚಿದರು. ಗಾಯ ಮಾಯಿತು. ಮಾಯುತ್ತ ಮಾಯುತ್ತ ಚರ್ಮ ಬಿಗಿದುಕೊಂಡು ಹೆಬ್ಬೆರಳು, ತೋರುಬೆರಳು ಒಳಗೆ ಬಾಗಿದವು.

ಬೆಂಕಿ ಹೇಗೆ ಹತ್ತಿತು ಎಂದು ಸತ್ಯವ್ವ ಮಗನನ್ನು ಕೇಳಿದಳು. ಅವನು ಗೋಡೆ ನೋಡುತ್ತ, "ವೈರ್ ಶಾರ್ಟ್ ಆಗಿತ್ತಂತಬೇ. ಹಳೇ ಮಷಿನ್ ಅಲ್ಲೇನು" ಎಂದ. ಸಪ್ನಾಳೂ ಹಾಗೆಯೇ ಅಂದಳು. ಇಬ್ಬರೂ ಒಂದೇ ಮಾತನ್ನು ಒಂದೇ ರೀತಿ ಹೇಳಿದ್ದು ಸತ್ಯವ್ವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿಯಿತು. ಮಗ ಉಣ್ಣುವಾಗ ಅವಳ ಮುಖ ನೋಡುತ್ತಿರಲಿಲ್ಲ. ಸಿಟ್ಟಿಗೆ ಹೀಗೆ ಮಾಡುತ್ತಾನೋ, ಮರುಕಕ್ಕೋ ಅವಳಿಗೆ ತಿಳಿಯದು.

ಯುಗಾದಿ ಕಳೆದ ಮೇಲೆ ಒಂದು ಮುಂಜಾನೆ ಅವಳು ಒಂದೊಂದೇ ಮೆಟ್ಟಿಲಿಳಿದು ಯುನುಸನ ಅಂಗಡಿಗೆ ಹೋದಳು. ಅವನು ಸ್ಟೂಲು ಕೊಟ್ಟ.

"ತಮ್ಮಾ, ನನ್ನ ಮುಂದ ಖರೇ ಹೇಳು. ವೈರಿಂದ ಹತ್ತಿತ್ತೇನು?"

ಯುನುಸ ಕೈಯಲ್ಲಿದ್ದ ತಾಮ್ರದ ತಂತಿಯನ್ನು ಬದಿಗಿಟ್ಟ. "ಈಗ ಯಾಕ ಬೇಕ್ರಿ ಯವ್ವಾ ಅದು?"

"ನನಗ ಬೇಕು."

"ವೈರ್ ಚಲೋ ಇತ್ರಿ. ನಾನ ಬಿಚ್ಚಿ ನೋಡೇನಿ." ಅವನು ತಂತಿಯನ್ನು ಮತ್ತೆ ಕೈಗೆತ್ತಿಕೊಂಡ. "ಒಳಗ ಎಣ್ಣಿ ಅರಬಿ ಇದ್ವು. ಎಣ್ಣಿ ಅರಬಿ ಕಾಸಿ ಗುಡ್ಡಿ ಹಾಕಿದ್ರ ತಾವಾಗೇ ಹತ್ತತಾವಂತ, ಫೈರ್‌ನವ್ರು ಹೇಳಿದ್ರು. ಆದ್ರ ಯವ್ವಾ, ಅದೊಂದ ಅಲ್ರಿ. ಜಾಳಿಗಿ ಕಟ್ಟಿತ್ತು. ಪೈಪ್ ಮಡಚಿತ್ತು. ಅವೆರಡು ಸರಿ ಇದ್ದಿದ್ರ ಇಷ್ಟ ಆಗತಿರಲಿಲ್ಲೇನೋ."

ಉಳಿದದ್ದು ಅವಳ ಕಿವಿಗೆ ಬೀಳಲಿಲ್ಲ. ಎಣ್ಣೆ ಅರಬಿ ಎಂಬುದಷ್ಟೇ ಬಿತ್ತು. ಬಾಗಿಲು ತೆಗೆದವಳೂ ತಾನೇ ಎಂಬುದು ಅದರ ಬೆನ್ನಿಗೇ ಬಂತು. ಮೆಟ್ಟಿಲು ಹತ್ತಲಾಗದೆ ಅವಳು ಬಿಸಿಲೇರುವ ತನಕ ಅಲ್ಲೇ ಕೂತಳು. ಕೊನೆಗೆ ಯುನುಸನೇ ತೋಳು ಹಿಡಿದು ಮೇಲೆ ಬಿಟ್ಟು ಬಂದ.

ಸಪ್ನಾಳ ತಲೆ ಬಾಚುವುದು ಈಗ ಸತ್ಯವ್ವನ ಕೆಲಸವಾಗಿತ್ತು. ಜಂಪರಿನ ಗುಂಡಿ ಹಾಕುವುದು, ರೊಟ್ಟಿ ಮುರಿದು ಕೊಡುವುದು, ಎಲ್ಲವೂ. ಆ ಸಂಜೆ ಹೆರಳು ಹಾಕುತ್ತ ಅವಳು ಅಂದಳು, "ಆ ಅರಬಿ ನಾನ ಹಾಕಿದ್ದೆ ಬೇ."

ಸಪ್ನಾ ಅಲುಗಾಡಲಿಲ್ಲ. "ಗೊತ್ತೈತ್ರಿ ಅತ್ತಿ."

"ಬಾಗಲಾನೂ ನಾನ ತಗದೆ."

"ಅದೂ ಗೊತ್ತೈತ್ರಿ."

"ಮತ್ತ ಒಂದ ಮಾತ ಯಾಕ ಅನ್ನಲಿಲ್ಲ ನನಗ? ಬೈಬೇಕಿತ್ತು. ಬೈದಿದ್ರ ಚಲೋ ಇತ್ತು."

ಸಪ್ನಾ ಹೇಳಿದಳು, "ಜಾಳಿಗಿ ನಾ ತಗಿಬೇಕಿತ್ರಿ. ತಿಂಗಳಾಗಿತ್ತು ತಗದು. ನಿಮ್ಮ ಮಗ ಪೈಪಿನ ಸಲುವಾಗಿ ರಾತ್ರಿ ನಿದ್ದಿ ಮಾಡೂದಿಲ್ಲ. ಯಾರು ಯಾರಿಗಂತ ಬೈಬೇಕ್ರಿ?"

ಮಾತಾಡಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಆ ಮನೆಯಲ್ಲಿ ಹಾಗೇನೂ ಆಗಲಿಲ್ಲ. ಮೊದಲು ಮೂವರೂ ಒಬ್ಬರಿಗೊಬ್ಬರು ಬಚ್ಚಿಟ್ಟುಕೊಂಡು ಕೊರಗುತ್ತಿದ್ದರು, ಈಗ ಗೊತ್ತಿದ್ದೂ ಕೊರಗತೊಡಗಿದರು. ಮಷಿನ್ ಇದ್ದ ಜಾಗ ಖಾಲಿ ಬಿತ್ತು. ಸುಣ್ಣ ಹೊಡೆಸಿದರೂ ಗೋಡೆಯ ಕಪ್ಪು ಮಸಕುಮಸಕಾಗಿ ಮತ್ತೆ ಮೂಡಿತು. ಆಸ್ಪತ್ರೆಯವರು ಸಪ್ನಾಳಿಗೆ ವಿಚಾರಣೆ ಕೌಂಟರಿನಲ್ಲಿ ಜಾಗ ಕೊಟ್ಟರು. ಫೋನ್ ಎತ್ತಿ, ಯಾವ ಡಾಕ್ಟರು ಎಷ್ಟೊತ್ತಿಗೆ ಸಿಗುತ್ತಾರೆಂದು ಹೇಳುವ ಕೆಲಸ. ಮಕ್ಕಳ ವಾರ್ಡು ಮೇಲಿನ ಮಾಳಿಗೆಯಲ್ಲಿ. ಅವಳು ಒಮ್ಮೆಯೂ ಮೇಲೆ ಹೋಗಲಿಲ್ಲ.

ಬೆರಳು ಬಿಡಿಸುವ ವ್ಯಾಯಾಮಕ್ಕೆ ಸಿದ್ಧೇಶ್ವರ ಗುಡಿಯ ಹತ್ತಿರದ ಡಾಕ್ಟರರೊಬ್ಬರ ಕಡೆ ಹೋಗಬೇಕಿತ್ತು. ಸತ್ಯವ್ವ ಬೇಡವೆಂದರೂ ಕೇಳದೆ ಪ್ರತಿ ಸಲವೂ ಜೊತೆಗೆ ಹೋಗುತ್ತಿದ್ದಳು. ಮಳೆಗಾಲದ ಕೊನೆಗೆ ಒಂದು ದಿನ ಡಾಕ್ಟರು ಸಪ್ನಾಳ ಕೈಯನ್ನು ತಿರುವಿ ತಿರುವಿ ನೋಡಿ, ತಮ್ಮ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು.

"ಸಿಸ್ಟರ್, ನಿಮಗ ಸುಳ್ಳ ಹೇಳಿ ಏನ ಮಾಡ್ಲಿ? ಬೆರಳು ಇದಕ್ಕಿಂತ ಹೆಚ್ಚಿಗಿ ಬಿಚ್ಚೂದಿಲ್ರಿ. ಮತ್ತೊಂದ ಆಪರೇಶನ್ ಮಾಡಿದ್ರೂ ಸೂಜಿ ಹಿಡಿಯೂವಂಥ ಸಣ್ಣ ಕೆಲಸಕ್ಕ ಬರೂದಿಲ್ಲ."

ಸಪ್ನಾ ತಲೆಯಾಡಿಸಿ, ನಮಸ್ಕಾರ ಮಾಡಿ, ಎದ್ದು ಬಂದಳು. ಬೀದಿಯಲ್ಲಿ ಹೂವಿನ ಅಂಗಡಿ, ಬಳೆ ಅಂಗಡಿ, ಜನವೋ ಜನ. ಮೂಲೆಯ ಭಾಂಡೆ-ಪಾತ್ರೆ ಅಂಗಡಿಯ ತನಕ ನಡೆದವಳು ಒಮ್ಮೆಲೇ ನಿಂತಳು. ಮುಖವನ್ನು ಗೋಡೆಯ ಕಡೆ ತಿರುಗಿಸಿ ಅಳತೊಡಗಿದಳು. ಸುಟ್ಟಾಗ ಅತ್ತಿರಲಿಲ್ಲ, ಚರ್ಮ ಕೊಯ್ದಾಗ ಅತ್ತಿರಲಿಲ್ಲ, ಕೌಂಟರಿನಲ್ಲಿ ಕೂಡಿಸಿದಾಗಲೂ ಅತ್ತಿರಲಿಲ್ಲ. ದನಿ ಹೊರಬಾರದ ಹಾಗೆ ಓಢಣಿಯನ್ನು ಬಾಯಿಗೆ ಒತ್ತಿಕೊಂಡು ಅತ್ತಳು.

ಸತ್ಯವ್ವನಿಗೆ ಮುಟ್ಟಲು ಧೈರ್ಯ ಬರಲಿಲ್ಲ. ಹೋಗುವವರು ಬರುವವರು ತಿರುತಿರುಗಿ ನೋಡುತ್ತಿದ್ದರು. ಅವಳು ರಸ್ತೆಗೆ ಬೆನ್ನು ಮಾಡಿ, ಸೊಸೆ ಯಾರ ಕಣ್ಣಿಗೂ ಬೀಳದಂತೆ ಸೆರಗು ಅಗಲಿಸಿ ಹಿಡಿದು ನಿಂತಳು. ಕಾಲು ನಡುಗುತ್ತಿದ್ದವು. ಕೂತರೆ ಏಳಲಾಗುವುದಿಲ್ಲವೆಂದು ಗೋಡೆಗೆ ಹೆಗಲು ಕೊಟ್ಟಳು.

"ಹೋಗೂಣ ನಡೀರಿ ಅತ್ತಿ" ಎಂದು ಕೊನೆಗೆ ಸಪ್ನಾ ಮುಖ ಒರೆಸಿಕೊಂಡಳು. "ನಿಮ್ಮ ಕಾಲ ನೋವ ಆಗಾಕತ್ತಿರಬೇಕು."

"ಇಲ್ಲ ಬೇ" ಎಂದಳು ಸತ್ಯವ್ವ. "ನೀ ಅಳು. ನಾ ನಿಂತಿರತೇನಿ."