ಕಳ್ಳಂಬೆಳ್ಳದ ಕೆರೆಯಲ್ಲಿ ಹಡಗು

ಮಹಾರಾಜರ ಕಾಲದಲ್ಲಿ ಬಿ.ಎ. ಅಂದರೆ ಸುಮ್ಮನೆಯೇ? ಕಳ್ಳಂಬೆಳ್ಳದ ಯತ್ತಪ್ಪ ಮೇಷ್ಟ್ರು ದಿನವಿಡೀ ಸ್ಕೂಲಿನಲ್ಲಿ ಗಂಟಲು ಹರಿದುಕೊಂಡು, ಸಂಜೆ ಕೆರೆ ಏರಿಯ ಮೇಲೆ ಕೂತು ಅದಕ್ಕೆ ಓದುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಗಿರಿಯಮ್ಮ ಕಂಬಳಿಗೆ ಉಣ್ಣೆ ನೂಲುತ್ತಿದ್ದಳು. ಇಂಗ್ಲಿಷಿನಲ್ಲಿ ಓದಿದ್ದನ್ನು ಅವಳಿಗೆ ಕನ್ನಡದಲ್ಲಿ ಹೇಳಿದರೇನೇ ಮೇಷ್ಟ್ರ ತಲೆಗೆ ಹತ್ತುತ್ತಿದ್ದುದು. ಚರಿತ್ರೆಯ ಪುಸ್ತಕದಿಂದ ಹಡಗುಗಳು ಮೆಲ್ಲಗೆ ಕೆರೆಗಿಳಿಯುತ್ತಿದ್ದವು. ಇಳಿಬಿಸಿಲಿನಲ್ಲಿ ಆಚೆ ದಡ ಕರಗಿಹೋಗಿ, ಸಮುದ್ರವನ್ನೇ ಕಾಣದ ಗಿರಿಯಮ್ಮನ ಕಣ್ಣೆದುರು ಬಿಳಿ ಹಾಯಿಗಳು ತೇಲುತ್ತಿದ್ದವು. ಕೈಯಲ್ಲಿ ಕದಿರು ತಾನಾಗಿ ತಿರುಗುತ್ತಿತ್ತು.

ಮೈಸೂರಿಗೆ ಹೋಗಿ ಪರೀಕ್ಷೆ ಬರೆದ ಮೇಷ್ಟ್ರು ಆ ವರ್ಷವೂ ಫೇಲಾದರು. "ಈ ಹಣೇಲಿ ಬರೆದಿಲ್ಲ ಬುಡು" ಎಂದು ಪುಸ್ತಕವನ್ನು ಅಟ್ಟಕ್ಕೆಸೆದರು. ಕೆರೆ ಮತ್ತೆ ಬರೀ ಕೆರೆಯಾಯಿತು.

ಒಂದು ಸಂಜೆ ಗಿರಿಯಮ್ಮ ಕದಿರು ನಿಲ್ಲಿಸಿ ಕೇಳಿದಳು: "ಭೂಮಿ ಸುತ್ತಾಕೆ ಹೊಂಟಿದ್ದ ಆ ಹಡಗು ಏನಾಯ್ತು?"

"ಯಾರಿಗ್ಗೊತ್ತು? ಬಿರುಗಾಳಿಗೆ ಸಿಕ್ಕಿತ್ತು. ನಾನು ಅಷ್ಟಕ್ಕೇ ನಿಲ್ಲಿಸ್ಬುಟ್ಟೆ."

"ಅಷ್ಟು ಜನಾನ ನಡುನೀರ್ನಾಗೆ ಬುಟ್ಟು, ನೀನು ಹೆಂಗೆ ಉಂಡು ಮಲಗ್ತೀಯಾ?"

ಮೇಷ್ಟ್ರು ಮನೆಗೆ ಹೋಗಿ ಅಟ್ಟ ಹತ್ತಿದರು.

ಮುಂದಿನ ವರ್ಷ ಪಾಸಾದ ಸುದ್ದಿ ಬಂದಾಗ ಏರಿಯವರೆಗೂ ಓಡಿಬಂದು, ಏದುಸಿರಿನಲ್ಲೇ "ಬಿ.ಎ. ಆಯ್ತು ಕಣೇ!" ಎಂದರು. ಗಿರಿಯಮ್ಮ ಹೊಳೆಯುವ ನೀರಿನಿಂದ ಕಣ್ಣು ಕೀಳದೆ ಕೇಳಿದಳು:

"ಅಂಗಾದ್ರೆ ನಾಳಿಂದ ಯಾವ ಹಡಗು ಬುಡ್ತೀಯಾ?"